ಸೊಂಟ ಎಳೆಯುವ ಮೇಜೋ, ನೆಲದ ಮೇಲಿನ ಚಾಪೆಯೋ: ಡಿಸ್ಕ್ ನೋವಿಗೆ ಡಿಕಂಪ್ರೆಷನ್ ಮತ್ತು ಉಳಿದ ದಾರಿಗಳು

ಎಂಆರ್‌ಐ ಫಿಲ್ಮಿನ ದೊಡ್ಡ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವರಿಗೆ ಎಷ್ಟೋ ಕ್ಲಿನಿಕ್‌ಗಳಲ್ಲಿ ಹಾಕುವ ಪ್ರಶ್ನೆ ಒಂದೇ: "ಆಪರೇಷನ್ ಮಾಡಿಸಿಕೊಳ್ಳುತ್ತೀರೋ, ಡಿಕಂಪ್ರೆಷನ್ ತೆಗೆದುಕೊಳ್ಳುತ್ತೀರೋ?" ಡಿಕಂಪ್ರೆಷನ್ ಎಂದರೆ ಯಂತ್ರದ ಮೇಜಿನ ಮೇಲೆ ಮಲಗಿಸಿ ಸೊಂಟ ಎಳೆದು ಡಿಸ್ಕ್‌ನ ಒತ್ತಡ ಇಳಿಸುವ ಚಿಕಿತ್ಸೆ. ಮೂರು ವರ್ಷಗಳ ಹಿಂದೆ ನನಗೂ ಅದನ್ನೇ ಕೇಳಿದರು. ಎಡ ಪೃಷ್ಠದಿಂದ ಹೊರಟ ಚಳುಕು ಮೀನಖಂಡ ದಾಟಿ ಕಾಲಿನ ಕಿರುಬೆರಳನ್ನು ಮುಟ್ಟುತ್ತಿತ್ತು. ಕೆಮ್ಮಿದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಚಪ್ಪಲಿ ಹಾಕಿಕೊಳ್ಳಲು ಮಗಳನ್ನು ಕರೆಯಬೇಕಾಗಿತ್ತು. ಅಂಥ ಹೊತ್ತಿನಲ್ಲಿ ಕತ್ತಿ ಬೇಕೋ ಮೇಜು ಬೇಕೋ ಎಂದರೆ ಯಾರಾದರೂ ಮೇಜು ಎನ್ನುತ್ತಾರೆ. ನಾನೂ ಅಂದೆ. 24 ಸಿಟ್ಟಿಂಗ್‌ಗಳ ಪ್ಯಾಕೇಜ್, ಪೂರ್ತಿ ಹಣ ಮುಂಗಡ.

ಪ್ರಶ್ನೆಯೇ ಓರೆಯಾಗಿತ್ತು ಎಂದು ಹೊಳೆದದ್ದು ಹಣ ಕಟ್ಟಿದ ಮೇಲೆ. ಡಿಸ್ಕ್ ತೊಂದರೆ ಇರುವವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಬೇಕಾಗದ ಆಪರೇಷನ್ನನ್ನು ತಪ್ಪಿಸಿದೆವು ಎಂದು ಯಾರು ಬೇಕಾದರೂ ಹೇಳಿಕೊಳ್ಳಬಹುದು. ಆ ಮೇಜನ್ನು ತೂಗಿ ನೋಡಬೇಕಾದದ್ದು ನೆಲಕ್ಕೆ ಹಾಸಿದ ಚಾಪೆಯೊಂದಿಗೆ, ತಾಳ್ಮೆಯಿರುವ ಒಬ್ಬ ಫಿಸಿಯೋಥೆರಪಿಸ್ಟ್ ಜೊತೆ, ಗೋಡೆಯ ಮೇಲಿನ ಕ್ಯಾಲೆಂಡರ್ ಜೊತೆ. ನಾನು ವೈದ್ಯನಲ್ಲ, ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕುಳಿತು ಪ್ರೂಫ್ ತಿದ್ದುವವನು. ಅಕ್ಷರ ಹುಡುಕುವ ಚಟದಿಂದ ಈ ವಿಷಯದ ಸಂಶೋಧನೆಗಳನ್ನೂ ಸಾಕಷ್ಟು ಓದಿದೆ. ಅದರ ಫಲ ಈ ಬರಹ.

ಡಿಸ್ಕ್ ಜಾರುವುದಿಲ್ಲ

"ಡಿಸ್ಕ್ ಜಾರಿದೆ" ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ಜನ ಅದನ್ನು ಕೇರಂ ಬಿಲ್ಲೆಯಂತೆ ಕಲ್ಪಿಸಿಕೊಳ್ಳುತ್ತಾರೆ. ಜಾರಿದ್ದನ್ನು ತಳ್ಳಿ ಒಳಗೆ ಹಾಕಿದರೆ ಮುಗಿಯಿತು ಎಂಬ ಲೆಕ್ಕ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಂಡರೆ ಉಳುಕು ಬಿಡುತ್ತದೆ ಎಂದು ನಮ್ಮಜ್ಜಿ ನಂಬಿದ್ದೂ ಇದೇ ಲೆಕ್ಕದ ಮೇಲೆ. ನಿಜವಾಗಿ ಬೆನ್ನೆಲುಬಿನ ಮೂಳೆಗಳ ನಡುವಿನ 23 ಡಿಸ್ಕ್‌ಗಳೂ ಮೇಲಿನ ಮತ್ತು ಕೆಳಗಿನ ಮೂಳೆಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಸುತ್ತ ನಾರಿನ ಪದರಗಳು, ನಡುವೆ ನೀರು ಹಿಡಿದಿಟ್ಟುಕೊಂಡ ಲೋಳೆ. ಹೋಳಿಗೆ ಲಟ್ಟಿಸುವಾಗ ಒಂದು ಬದಿಯ ಕಣಕ ತೆಳುವಾದರೆ ಹೂರಣ ಅಲ್ಲಿಂದಲೇ ಹೊರಗಿಣುಕುತ್ತದೆಯಲ್ಲ, ಹಾಗೆ ನಾರಿನ ಪದರ ದುರ್ಬಲವಾದ ಕಡೆ ಲೋಳೆ ಉಬ್ಬುತ್ತದೆ, ಕೆಲವೊಮ್ಮೆ ಹರಿದು ಹೊರಬರುತ್ತದೆ. ಪಕ್ಕದಲ್ಲೇ ಕಾಲಿಗೆ ಇಳಿಯುವ ನರವಿದ್ದರೆ ಆ ನರದುದ್ದಕ್ಕೂ ನೋವು, ಅಂದರೆ ಸಯಾಟಿಕಾ, ಶುರು. ಸೊಂಟದಲ್ಲಿ ಇದು ಆಗುವುದು ಬಹುತೇಕ ಕೊನೆಯ ಎರಡು ಅಂತಸ್ತುಗಳಲ್ಲಿ, ಎಂಆರ್‌ಐ ವರದಿಯಲ್ಲಿ ಎಲ್4-ಎಲ್5 ಮತ್ತು ಎಲ್5-ಎಸ್1 ಎಂದು ಬರೆದಿರುತ್ತಾರಲ್ಲ, ಅಲ್ಲಿ.

ನೋವಿಗೆ ಕಾರಣ ಒತ್ತಡವೊಂದೇ ಅಲ್ಲ. ಹೊರಬಂದ ಲೋಳೆ ನರದ ಬುಡದಲ್ಲಿ ಉರಿಯೂತ ಎಬ್ಬಿಸುತ್ತದೆ. ಹಾಗಾಗಿಯೇ ದೊಡ್ಡ ಉಬ್ಬಿದ್ದರೂ ಆರಾಮವಾಗಿ ಓಡಾಡುವವರಿದ್ದಾರೆ, ಸಣ್ಣ ಉಬ್ಬಿಗೆ ಹಾಸಿಗೆ ಹಿಡಿದವರೂ ಇದ್ದಾರೆ. ಬೆನ್ನು ನೋವೇ ಇಲ್ಲದವರ ಚಿತ್ರಗಳನ್ನು ಒಟ್ಟುಹಾಕಿ ನೋಡಿದ 2015ರ ವಿಮರ್ಶೆಯೊಂದರಲ್ಲಿ ಇಪ್ಪತ್ತರ ಹರೆಯದವರಲ್ಲೇ ಶೇ 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತು. ಎಂಬತ್ತರ ವಯಸ್ಸಿನವರಲ್ಲಿ ಈ ಪ್ರಮಾಣ ಶೇ 84. ವರದಿಯಲ್ಲಿ ಆ ಪದ ಕಂಡೊಡನೆ ಕೈಕಾಲು ತಣ್ಣಗಾಗುವವರು ಈ ಎರಡು ಅಂಕಿಗಳನ್ನು ಲಕೋಟೆಯ ಮೇಲೆಯೇ ಬರೆದಿಟ್ಟುಕೊಳ್ಳಬಹುದು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾದದ್ದು. 1999ರಲ್ಲಿ ಜರ್ಮನಿಯ ಸಂಶೋಧಕರು ಒಬ್ಬ ಸ್ವಯಂಸೇವಕನ ಎಲ್4-ಎಲ್5 ಡಿಸ್ಕ್‌ನೊಳಗೆ ಒತ್ತಡ ಅಳೆಯುವ ಸೂಕ್ಷ್ಮ ಉಪಕರಣ ಇಟ್ಟು ಇಡೀ ದಿನ ಲೆಕ್ಕ ಬರೆದುಕೊಂಡರು. ನಿಂತಾಗ ಒತ್ತಡ ಸುಮಾರು 0.5 ಮೆಗಾಪಾಸ್ಕಲ್. ಬೆನ್ನು ಬಾಗಿಸಿ 20 ಕಿಲೋ ಎತ್ತಿದಾಗ 2.3. ಮಲಗಿದಾಗ 0.1. ಏಳು ಗಂಟೆ ಮಲಗಿ ಎದ್ದಾಗ 0.24ಕ್ಕೆ ಏರಿತ್ತು, ಏಕೆಂದರೆ ರಾತ್ರಿಯಿಡೀ ಡಿಸ್ಕ್ ನೀರು ಹೀರಿ ಊದಿಕೊಂಡಿತ್ತು. ಬೆಳಿಗ್ಗೆ ನಾವು ಸಂಜೆಗಿಂತ ಒಂದೂವರೆ ಎರಡು ಸೆಂಟಿಮೀಟರ್ ಎತ್ತರ ಇರುವುದು ಇದರಿಂದ. ಎದ್ದ ಮೊದಲ ಒಂದು ಗಂಟೆ ಬಗ್ಗಿ ಬಕೆಟ್ ಎತ್ತಬೇಡಿ ಎಂದು ಫಿಸಿಯೋಗಳು ಹೇಳುವುದೂ ಇದಕ್ಕೇ. ಅಂದರೆ ಡಿಕಂಪ್ರೆಷನ್ ಎಂಬುದು ಪ್ರತಿ ರಾತ್ರಿ ನಮ್ಮ ಹಾಸಿಗೆಯಲ್ಲೇ ಪುಕ್ಕಟೆಯಾಗಿ ನಡೆಯುತ್ತಿದೆ. ಅದರ ಮೇಲೆ ಮೇಜು ಇನ್ನೇನು ಕೊಡುತ್ತದೆ ಎಂಬುದಷ್ಟೇ ನಾವು ಕೇಳಬೇಕಾದ ಪ್ರಶ್ನೆ.

ಮೇಜಿನ ಮೇಲೆ ಏನಾಗುತ್ತದೆ

ಮೊದಲು ಎರಡು ಪಟ್ಟಿ ಕಟ್ಟುತ್ತಾರೆ. ಒಂದು ಪಕ್ಕೆಲುಬಿನ ಕೆಳಭಾಗಕ್ಕೆ, ಇನ್ನೊಂದು ಸೊಂಟದ ಮೂಳೆಗೆ. ಪಟ್ಟಿ ಬಿಗಿಯಾಗಿರಬೇಕು, ಮಧ್ಯಾಹ್ನ ಊಟ ಮಾಡಿ ಹೋದ ದಿನ ಅದರ ಅರ್ಥ ನನಗೆ ಚೆನ್ನಾಗಿ ಆಯಿತು. ಮಂಡಿಯ ಕೆಳಗೆ ದಿಂಬು. ಮೇಜು ನಡುವೆ ಎರಡು ಹೋಳಾಗಿರುತ್ತದೆ. ಮೋಟಾರು ಗುಂಯ್ ಎನ್ನುತ್ತ ಕೆಳಗಿನ ಹೋಳನ್ನು ಮೆಲ್ಲಗೆ ಎಳೆಯುತ್ತದೆ, ಒಂದು ನಿಮಿಷದಷ್ಟು ಹೊತ್ತು ಹಿಡಿದಿಡುತ್ತದೆ, ಅರ್ಧ ಸಡಿಲಿಸುತ್ತದೆ, ಮತ್ತೆ ಎಳೆಯುತ್ತದೆ. ಪರದೆಯ ಮೇಲೆ ಅಲೆಯಂಥ ಗೆರೆ ಏರಿಳಿಯುತ್ತಿರುತ್ತದೆ. ಅರ್ಧ ಗಂಟೆ. ನೋವಿರುವುದಿಲ್ಲ, ನಿಜ ಹೇಳಬೇಕೆಂದರೆ ಹಿತವಾಗಿಯೇ ಇರುತ್ತದೆ. ಎರಡನೆಯ ದಿನ ನಾನು ನಿದ್ದೆ ಹೋದೆ. ಎಳೆತದ ಬಲವನ್ನು ಮೊದಲ ದಿನಗಳಲ್ಲಿ ಕಡಿಮೆ ಇಟ್ಟು, ಬರಬರುತ್ತ ದೇಹತೂಕದ ಅರ್ಧದ ಹತ್ತಿರಕ್ಕೆ ಏರಿಸುತ್ತಾರೆ.

ಹಿಂದೆ ಇರುವ ತರ್ಕ ಹೀಗೆ: ಮೂಳೆಗಳ ನಡುವೆ ಎಳೆದರೆ ಡಿಸ್ಕ್‌ನೊಳಗಿನ ಒತ್ತಡ ಇಳಿಯುತ್ತದೆ, ಉಬ್ಬಿದ್ದು ಒಳಕ್ಕೆ ಸರಿಯುತ್ತದೆ, ನೀರು ಮತ್ತು ಪೋಷಕಾಂಶ ಒಳಗೆ ಬರುತ್ತವೆ. ಈ ತರ್ಕದ ಮೊದಲ ಭಾಗಕ್ಕೆ ಆಧಾರವಿದೆ. ಕೆನಡಾ ಮೂಲದ ವ್ಯಾಕ್ಸ್-ಡಿ ಎಂಬ ಮೇಜಿನ ಮೇಲೆ ಕೆಲವೇ ರೋಗಿಗಳ ಡಿಸ್ಕ್ ಒತ್ತಡ ಅಳೆದ ವರದಿ 1994ರಲ್ಲಿ ಪ್ರಕಟವಾಯಿತು. ಒತ್ತಡ ಸೊನ್ನೆಗಿಂತ ಕೆಳಗೆ ಇಳಿದದ್ದು ಅದರಲ್ಲಿ ದಾಖಲಾಗಿದೆ. ಇವತ್ತಿಗೂ ಡಿಕಂಪ್ರೆಷನ್ ಕರಪತ್ರಗಳು ಸುತ್ತಿ ಬಳಸಿ ಬರುವುದು ಅದೇ ವರದಿಗೆ. ಆದರೆ ಮೇಜಿನ ಮೇಲಿದ್ದಾಗ ಒತ್ತಡ ಇಳಿಯುವುದು ಬೇರೆ, ಎದ್ದು ಸ್ಕೂಟರ್ ಹತ್ತಿ ಗುಂಡಿ ಬಿದ್ದ ರಸ್ತೆಯಲ್ಲಿ ಮನೆ ಸೇರಿದ ಮೇಲೂ ಉಬ್ಬು ಒಳಗೇ ಉಳಿಯುವುದು ಬೇರೆ. ನನ್ನ ಹಿತ ಪ್ರತಿ ಸಲವೂ ಸರಿಯಾಗಿ ಎರಡನೆಯ ಸಿಗ್ನಲ್‌ವರೆಗೆ ಬಾಳುತ್ತಿತ್ತು.

"ಅಮೆರಿಕದ ಎಫ್‌ಡಿಎ ಒಪ್ಪಿದ ಯಂತ್ರ" ಎಂಬ ಫಲಕದ ಬಗ್ಗೆ ಒಂದು ಮಾತು. ಎಫ್‌ಡಿಎ ಎಂದರೆ ಅಲ್ಲಿ ಔಷಧಿ ಮತ್ತು ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ. ಈ ಮೇಜುಗಳಿಗೆ ಅಲ್ಲಿ ಸಿಕ್ಕಿರುವುದು ಮಾರಾಟದ ಪರವಾನಗಿ. ಈಗಾಗಲೇ ಮಾರುಕಟ್ಟೆಯಲ್ಲಿರುವ ವಿದ್ಯುತ್ ಚಾಲಿತ ಟ್ರಾಕ್ಷನ್ (ಎಳೆತದ ಚಿಕಿತ್ಸೆ) ಉಪಕರಣಕ್ಕೆ ಇದು ಸಮಾನ ಎಂದು ತೋರಿಸಿದರೆ ಆ ಪರವಾನಗಿ ದೊರೆಯುತ್ತದೆ. ಹೊಸ ಔಷಧಿಯೊಂದು ಪರಿಣಾಮಕಾರಿ ಎಂದು ಸಾಬೀತು ಮಾಡಬೇಕಾದಂಥ ಪರೀಕ್ಷೆ ಇಲ್ಲಿಲ್ಲ. ತಮಾಷೆಯೆಂದರೆ, ರೋಗಿಯ ಮುಂದೆ "ಇದು ಹಳೆಯ ಟ್ರಾಕ್ಷನ್ ಅಲ್ಲವೇ ಅಲ್ಲ" ಎನ್ನುವ ಯಂತ್ರ, ಸರ್ಕಾರದ ಮುಂದೆ "ನಾನು ಹಳೆಯ ಟ್ರಾಕ್ಷನ್ನಿನಂತೆಯೇ" ಎಂದು ಹೇಳಿ ಒಳಬಂದಿರುತ್ತದೆ.

ಆರು ವಾರಗಳ ಕಾಕತಾಳೀಯ

ಪರೀಕ್ಷೆಗೆ ಇಟ್ಟಾಗ ಏನಾಯಿತು? ನೆದರ್ಲೆಂಡ್ಸ್‌ನಲ್ಲಿ 60 ರೋಗಿಗಳನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಕಂಪ್ಯೂಟರ್ ನಿಯಂತ್ರಿತ ಮೇಜಿನಲ್ಲಿ ನಿಜವಾದ ಎಳೆತ, ಇನ್ನೊಂದಕ್ಕೆ ಅದೇ ಮೇಜಿನಲ್ಲಿ ಹೆಸರಿಗಷ್ಟೇ ಎಳೆತ ಕೊಟ್ಟರು. ಇಬ್ಬರಿಗೂ ಜೊತೆಯಲ್ಲಿ ಹಂತಹಂತವಾಗಿ ಚಟುವಟಿಕೆ ಹೆಚ್ಚಿಸುವ ಕಾರ್ಯಕ್ರಮವಿತ್ತು. 2009ರಲ್ಲಿ ಫಲಿತಾಂಶ ಬಂತು: ಎರಡೂ ಗುಂಪು ಸುಧಾರಿಸಿದವು, ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಎಲ್ಲ ಬಗೆಯ ಟ್ರಾಕ್ಷನ್ ಕುರಿತ 32 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಎಂಬ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆಯ 2013ರ ವಿಮರ್ಶೆಯೂ ಟ್ರಾಕ್ಷನ್ನಿನಿಂದ ನೋವು ಮತ್ತು ದೈನಂದಿನ ಓಡಾಟದ ಮೇಲೆ ಪ್ರಭಾವ ಅತ್ಯಲ್ಪ ಇಲ್ಲವೇ ಶೂನ್ಯ ಎಂದಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2016ರಲ್ಲಿ ಇನ್ನೂ ಖಡಾಖಂಡಿತವಾಗಿ, ಸಯಾಟಿಕಾ ಇರಲಿ ಇಲ್ಲದಿರಲಿ, ಸೊಂಟ ನೋವಿಗೆ ಟ್ರಾಕ್ಷನ್ ಕೊಡಬೇಡಿ ಎಂದು ಬರೆಯಿತು.

ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. 2022ರಲ್ಲಿ ಪಾಕಿಸ್ತಾನದಿಂದ ಬಂದ, ಅದೂ 60 ರೋಗಿಗಳದೇ ಆದ ಪ್ರಯೋಗವೊಂದರಲ್ಲಿ ಫಿಸಿಯೋಥೆರಪಿಯ ಜೊತೆ ಡಿಕಂಪ್ರೆಷನ್ ಸೇರಿಸಿದವರಿಗೆ ಬರಿಯ ಫಿಸಿಯೋಥೆರಪಿಗಿಂತ ಹೆಚ್ಚು ಗುಣ ಕಂಡಿತು. ಅಲ್ಲಿ ಹುಸಿ ಎಳೆತದ ಗುಂಪು ಇರಲಿಲ್ಲ, ಯಾರಿಗೆ ಯಂತ್ರ ಸಿಕ್ಕಿತು ಎಂಬುದು ರೋಗಿಗಳಿಗೆ ಗೊತ್ತಿತ್ತು. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದಷ್ಟನ್ನು ಒಪ್ಪಬೇಕು.

ಹಾಗಾದರೆ "ನನಗೆ ಅದರಿಂದಲೇ ವಾಸಿಯಾಯಿತು" ಎನ್ನುವ ಅಷ್ಟೊಂದು ಜನ ಸುಳ್ಳು ಹೇಳುತ್ತಿದ್ದಾರೆಯೇ? ಖಂಡಿತ ಇಲ್ಲ. ಡಿಸ್ಕ್‌ನಿಂದ ಬರುವ ಕಾಲು ನೋವು ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ತಾನಾಗಿಯೇ ಇಳಿಯುತ್ತ ಬರುತ್ತದೆ. ಪ್ಯಾಕೇಜ್ ಎಷ್ಟು ದಿನದ್ದು? ವಾರಕ್ಕೆ ನಾಲ್ಕು ಐದರಂತೆ ಐದಾರು ವಾರ. ಜೊತೆಗೆ ಯಾರೂ ನೋವು ಕಡಿಮೆಯಿದ್ದಾಗ ಹಣ ಕಟ್ಟುವುದಿಲ್ಲ, ತಾಳಲಾರದ ದಿನವೇ ಹೋಗಿ ಕಟ್ಟುತ್ತಾರೆ. ಅಲ್ಲಿಂದ ಮುಂದೆ ಅದು ಇಳಿಯಲೇಬೇಕು. ಹೊರಚಾಚಿದ ಡಿಸ್ಕ್ ತಾನಾಗಿ ಕುಗ್ಗುವುದರ ಬಗ್ಗೆ 2015ರಲ್ಲಿ ಪ್ರಕಟವಾದ ವಿಮರ್ಶೆಯ ಅಂಕಿಗಳು ಇನ್ನೂ ವಿಚಿತ್ರವಾಗಿವೆ. ಬರಿಯ ಉಬ್ಬು ಇದ್ದವರಲ್ಲಿ ಶೇ 13ರಷ್ಟು ಮಂದಿಗೆ ಮಾತ್ರ ಅದು ಕುಗ್ಗಿದರೆ, ಹರಿದು ಹೊರಚಾಚಿದವರಲ್ಲಿ ಶೇ 70, ತುಂಡಾಗಿಯೇ ಬೇರ್ಪಟ್ಟವರಲ್ಲಿ ಶೇ 96. ಕೆಟ್ಟದಾಗಿ ಕಾಣುವುದೇ ಹೆಚ್ಚು ಕರಗುತ್ತದೆ, ಏಕೆಂದರೆ ಹೊರಬಂದ ತುಣುಕನ್ನು ದೇಹದ ರೋಗನಿರೋಧಕ ಕಣಗಳು ಪರಕೀಯ ಎಂದು ಗುರುತಿಸಿ ಕಬಳಿಸುತ್ತವೆ. "ಮೊದಲಿನ ಎಂಆರ್‌ಐ, ನಂತರದ ಎಂಆರ್‌ಐ" ಎಂದು ಜಾಹೀರಾತಿನಲ್ಲಿ ಪಕ್ಕಪಕ್ಕ ಇಡುವ ಚಿತ್ರಗಳನ್ನು ಇನ್ನು ಮುಂದೆ ಇದನ್ನು ನೆನೆಸಿಕೊಂಡು ನೋಡಿ.

ಹಳೆಯ ಟ್ರಾಕ್ಷನ್, ತಲೆಕೆಳಗು ಮೇಜು, ಕಂಬಿ

ಆಸ್ಪತ್ರೆಯ ಮಂಚಕ್ಕೆ ರಾಟೆ ಕಟ್ಟಿ, ಸೊಂಟದ ಪಟ್ಟಿಯಿಂದ ಹಗ್ಗ ಇಳಿಬಿಟ್ಟು ಏಳೆಂಟು ಕಿಲೋ ತೂಕ ನೇತುಹಾಕಿದ್ದನ್ನು ಹಿಂದಿನ ತಲೆಮಾರಿನವರು ಕಂಡಿದ್ದಾರೆ. ನಮ್ಮ ಮಾವ ಹದಿನೈದು ದಿನ ಹಾಗೆ ಮಲಗಿದ್ದರು. ಸಾಮಾನ್ಯ ಮಂಚದ ಮೇಲೆ ಸೊಂಟದ ಕೆಳಗಿನ ದೇಹದ ಘರ್ಷಣೆಯನ್ನು ಮೀರಲೇ ದೇಹತೂಕದ ಕಾಲು ಭಾಗದಷ್ಟು ಬಲ ಬೇಕು. 70 ಕಿಲೋ ತೂಗುವವರಿಗೆ ಸುಮಾರು 18 ಕಿಲೋ. ಅಷ್ಟರವರೆಗೆ ಡಿಸ್ಕ್‌ಗೆ ಏನೂ ತಲುಪುವುದಿಲ್ಲ. ಏಳು ಕಿಲೋ ಮಾಡಿದ ಕೆಲಸವೆಂದರೆ ಮಾವನನ್ನು ತೋಟಕ್ಕೆ ಹೋಗದಂತೆ ಮಂಚಕ್ಕೆ ಕಟ್ಟಿಹಾಕಿದ್ದು. ಹೋಳಾದ ಮೇಜು ಈ ಘರ್ಷಣೆಯನ್ನು ತಪ್ಪಿಸುತ್ತದೆ, ಹಾಗಾಗಿ ಎಳೆತದ ಯಂತ್ರವಾಗಿ ಹೊಸದು ಹಳೆಯದಕ್ಕಿಂತ ಖಂಡಿತ ಮೇಲು. ಫಲಿತಾಂಶದಲ್ಲಿ ಆ ಮೇಲ್ಮೆ ಕಂಡಿಲ್ಲ, ಅಷ್ಟೇ.

ತಲೆಕೆಳಗಾಗಿ ತೂಗಾಡುವ ಇನ್ವರ್ಷನ್ ಟೇಬಲ್ ಈಗ ಆನ್‌ಲೈನ್‌ನಲ್ಲಿ ಸಲೀಸಾಗಿ ಸಿಗುತ್ತದೆ. ಕಲ್ಪನೆ ಹೊಸದಲ್ಲ, ಹಿಪೊಕ್ರೆಟಿಸ್‌ನ ಕಾಲದ ಗ್ರೀಸ್‌ನಲ್ಲಿ ರೋಗಿಯನ್ನು ಏಣಿಗೆ ಕಟ್ಟಿ ಏಣಿಯನ್ನೇ ಕುಲುಕುತ್ತಿದ್ದರು. ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ ಆಪರೇಷನ್‌ಗೆ ಸರದಿ ಕಾಯುತ್ತಿದ್ದ ಕೆಲವರ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಪುಟ್ಟ ಅಧ್ಯಯನದಲ್ಲಿ ಇದನ್ನು ಬಳಸಿದವರಲ್ಲಿ ಮುಕ್ಕಾಲು ಪಾಲು ಮಂದಿಗೆ ಆಪರೇಷನ್ ಬೇಕಾಗಲಿಲ್ಲ. ಬಳಸದವರಲ್ಲಿ ಹಾಗೆ ಪಾರಾದವರು ಕಾಲು ಭಾಗಕ್ಕಿಂತ ಕಡಿಮೆ. ಎರಡೂ ಗುಂಪು ಸೇರಿ ಮೂವತ್ತು ಜನರೂ ಇರಲಿಲ್ಲ, ಆದ್ದರಿಂದ ಕುಣಿಯುವ ಹಾಗಿಲ್ಲ. ರಕ್ತದೊತ್ತಡ, ಹೃದಯದ ತೊಂದರೆ, ಕಣ್ಣಿನ ಗ್ಲಾಕೊಮಾ ಇರುವವರು ಇದರ ಹತ್ತಿರವೂ ಸುಳಿಯಬಾರದು. ನಲವತ್ತೈದು ದಾಟಿದವರಲ್ಲಿ ಈ ಮೂರರಲ್ಲಿ ಒಂದೂ ಇಲ್ಲದವರನ್ನು ಹುಡುಕುವುದು ನಮ್ಮ ಬೀದಿಯಲ್ಲಂತೂ ಕಷ್ಟ.

ಬಾಗಿಲ ಚೌಕಟ್ಟಿನ ಕಂಬಿಗೆ ಜೋತುಬೀಳುವುದು ಅರ್ಧ ನಿಮಿಷದ ಹಿತ. ಭುಜ ಗಟ್ಟಿಯಿದ್ದವರು ಮಾಡಬಹುದು, ಕೆಳಗೆ ಧೊಪ್ಪನೆ ಹಾರದಿದ್ದರೆ ಸಾಕು.

ಚಾಪೆಯ ಪಕ್ಷ

1956ರಲ್ಲಿ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟ್ ಬಳಿ ವಾರಗಟ್ಟಲೆಯಿಂದ ಕಾಲು ನೋವಿದ್ದ ರೋಗಿಯೊಬ್ಬ ಬಂದಿದ್ದ. ಒಳಗೆ ಹೋಗಿ ಬೋರಲು ಮಲಗಿರು ಎಂದರು ಮೆಕೆಂಜಿ. ಹಿಂದಿನ ರೋಗಿಗಾಗಿ ಮೇಜಿನ ತಲೆಯ ಭಾಗ ಮೇಲಕ್ಕೆತ್ತಿಟ್ಟದ್ದು ಹಾಗೆಯೇ ಇತ್ತು. ಆತ ಬೆನ್ನು ಹಿಂದಕ್ಕೆ ಬಾಗಿದ ಭಂಗಿಯಲ್ಲೇ ಕೆಲವು ನಿಮಿಷ ಮಲಗಿದ. ಆ ಕಾಲದಲ್ಲಿ ಅದು ಮಾಡಲೇಬಾರದ ಭಂಗಿ. ಮೆಕೆಂಜಿ ಗಾಬರಿಯಿಂದ ಬಂದು ನೋಡಿದರೆ ರೋಗಿ, ಕಾಲಿನ ನೋವು ಹೋಗಿ ಸೊಂಟದಲ್ಲಷ್ಟೇ ಉಳಿದಿದೆ ಎಂದ. ಇವತ್ತು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮೆಕೆಂಜಿ ವಿಧಾನ ಹುಟ್ಟಿದ್ದು ಹಾಗೆ. ಅದರ ಜೀವಾಳ ಒಂದು ಗುರುತು: ನೋವು ಬೆರಳಿನಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಏರುತ್ತ ಬಂದರೆ ದಾರಿ ಸರಿಯಿದೆ. ಸೊಂಟದಲ್ಲಿ ಸ್ವಲ್ಪ ಹೆಚ್ಚಾದರೂ ಹೆದರಬೇಕಿಲ್ಲ. ಕೆಳಗೆ ಇಳಿಯುತ್ತ ಹೋದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಬೇಕು. ಈ ಒಂದು ಅಳತೆಗೋಲು ಯಾವ ಚಿಕಿತ್ಸೆಗೂ ಹೊಂದುತ್ತದೆ, ಮೇಜಿಗೂ.

ಯೋಗ ಗೊತ್ತಿರುವವರಿಗೆ ಇದು ಭುಜಂಗಾಸನದ ನೆಂಟನಂತೆ ಕಾಣುತ್ತದೆ, ಸರಿಯೇ. ಆದರೆ ಹೊಸದಾಗಿ ಡಿಸ್ಕ್ ಉಬ್ಬಿದಾಗ ಪಶ್ಚಿಮೋತ್ತಾನಾಸನ, ಪಾದಹಸ್ತಾಸನಗಳನ್ನು "ಬೆನ್ನಿಗೆ ಒಳ್ಳೆಯದು" ಎಂದು ಮಾಡಿಸುವ ಶಿಬಿರಗಳಿವೆ. ಆ ಹೊತ್ತಿನಲ್ಲಿ ಬೆನ್ನು ಮುಂದಕ್ಕೆ ಬಾಗಿದಷ್ಟೂ ಹೂರಣ ಹಿಂದಕ್ಕೇ ನೂಕಲ್ಪಡುತ್ತದೆ. ವಯಸ್ಸಾದವರ ಕಥೆ ಇದಕ್ಕೆ ತದ್ವಿರುದ್ಧ. ನರದ ಕಾಲುವೆ ಕಿರಿದಾಗಿ, ನೂರು ಹೆಜ್ಜೆ ನಡೆದರೆ ಕಾಲು ಜೋಮು ಹಿಡಿದು, ದೇವಸ್ಥಾನದ ಮೆಟ್ಟಿಲ ಕಂಬಿ ಹಿಡಿದು ಮುಂದಕ್ಕೆ ಬಾಗಿ ನಿಂತರೆ ಹಗುರವಾಗುವವರಿಗೆ ಭುಜಂಗಾಸನ ಕಷ್ಟವನ್ನೇ ಕೊಡುತ್ತದೆ. ಒಬ್ಬರ ವ್ಯಾಯಾಮ ಇನ್ನೊಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಇದಕ್ಕೇ ಬೇಡ.

ಹಾಸಿಗೆ ಹಿಡಿದು ಮಲಗುವುದರಿಂದ ಲಾಭವಿಲ್ಲ ಎಂಬುದು ಹಳೆಯ ಸುದ್ದಿ. ಏಳು ದಿನ ಮಲಗಿ ಎಂದವರಿಗಿಂತ ಎರಡು ದಿನ ಮಲಗಿ ಎಂದವರು ಬೇಗ ಕೆಲಸಕ್ಕೆ ಮರಳಿದ್ದನ್ನು 1986ರಲ್ಲೇ ಅಮೆರಿಕದಲ್ಲಿ ತೋರಿಸಿದ್ದರು. ಹೊಸ ಸುದ್ದಿ ನಡಿಗೆಯದು. ಆಸ್ಟ್ರೇಲಿಯಾದಲ್ಲಿ 701 ಮಂದಿಯ ಮೇಲೆ ನಡೆದ, 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೊಂಟ ನೋವು ವಾಸಿಯಾದವರಿಗೆ ನಡಿಗೆಯ ಕಾರ್ಯಕ್ರಮ ಕೊಟ್ಟು ನೋಡಿದರು. ನಡೆದವರಲ್ಲಿ ಅರ್ಧದಷ್ಟು ಮಂದಿಗೆ ನೋವು ಮತ್ತೆ ಬರುವ ಹೊತ್ತಿಗೆ 208 ದಿನ ಹಿಡಿಯಿತು, ನಡೆಯದವರಲ್ಲಿ 112. ಇಷ್ಟು ಅಗ್ಗದ ಯಂತ್ರ ಬೇರೆ ಕಾಣೆ.

ಚಾಪೆಗೂ ಕೊರತೆಗಳಿವೆ. ದಿನಕ್ಕೆ ಐದಾರು ಸಲ ಮಾಡಬೇಕು, ಯಾರೂ ಪಟ್ಟಿ ಕಟ್ಟಿ ಮಲಗಿಸುವುದಿಲ್ಲ, ಪರದೆಯ ಮೇಲೆ ಗೆರೆ ಓಡುವುದಿಲ್ಲ. ಮೊದಲ ಹತ್ತು ದಿನ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಕೈಬಿಡುವವರೇ ಹೆಚ್ಚು. ಮೇಜಿನ ಗೆಲುವಿನಲ್ಲಿ ಒಂದು ಪಾಲು ಇದೇ ಇರಬೇಕು: ಹಣ ಕಟ್ಟಿದ್ದೇವೆಂಬ ಕಾರಣಕ್ಕೆ ಜನ ತಪ್ಪದೆ ಹೋಗುತ್ತಾರೆ, ಜೊತೆಗೆ ಅಲ್ಲಿ ಹೇಳಿಕೊಟ್ಟ ವ್ಯಾಯಾಮವನ್ನೂ ಮಾಡುತ್ತಾರೆ.

ಎಣ್ಣೆ, ಸೂಜಿ, ಕತ್ತಿ

ಆಯುರ್ವೇದದವರು ಸಯಾಟಿಕಾವನ್ನು ಗೃಧ್ರಸಿ ಎನ್ನುತ್ತಾರೆ. ಕಟಿಬಸ್ತಿಯಲ್ಲಿ ಉದ್ದಿನ ಹಿಟ್ಟು ನಾದಿ ಸೊಂಟದ ಮೇಲೆ ಬಳೆಯಂತೆ ಕಟ್ಟೆ ಕಟ್ಟಿ, ಒಳಗೆ ಬೆಚ್ಚನೆಯ ಎಣ್ಣೆ ತುಂಬಿ, ತಣ್ಣಗಾದಂತೆ ಹತ್ತಿಯಲ್ಲಿ ತೆಗೆದು ಬಿಸಿ ಎಣ್ಣೆ ಹಾಕುತ್ತಾರೆ. ಬಿಗಿದ ಸ್ನಾಯು ಸಡಿಲಗೊಳ್ಳಲು ಶಾಖ ಒಳ್ಳೆಯದು. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಘ 2017ರಲ್ಲಿ ಹೊಸ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಸೂಚಿಸಿದ್ದರಲ್ಲಿ ಮೇಲ್ಮೈ ಶಾಖವೂ ಇದೆ. ಎಣ್ಣೆ ಡಿಸ್ಕ್‌ವರೆಗೆ ಇಳಿದು ಅದನ್ನು ಸರಿಪಡಿಸುತ್ತದೆ ಎಂದರೆ ಮಾತ್ರ ನಂಬಬೇಡಿ. ಮೈ ಹಗುರವಾದ ಆ ಒಂದು ಗಂಟೆಯಲ್ಲಿ ವ್ಯಾಯಾಮ ಮಾಡಿಕೊಂಡರೆ ಎಣ್ಣೆಯ ಬೆಲೆ ಸಾರ್ಥಕ.

ಬೆನ್ನಿನ ಸ್ಟೀರಾಯ್ಡ್ ಇಂಜೆಕ್ಷನ್ ಕಾಲಿನ ಸಿಡಿತಕ್ಕೆ ಕೆಲವು ವಾರಗಳ ಬಿಡುವು ಕೊಡಬಲ್ಲದು. ವರ್ಷದ ಕೊನೆಯಲ್ಲಿ ನೋಡಿದರೆ ಹಾಕಿಸಿಕೊಂಡವರಿಗೂ ಬಿಟ್ಟವರಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ನರಕ್ಕೆ ಗಂಭೀರ ಹಾನಿಯಾದ ಅಪರೂಪದ ಪ್ರಕರಣಗಳ ಬಗ್ಗೆ ಎಫ್‌ಡಿಎ 2014ರಲ್ಲಿ ಎಚ್ಚರಿಕೆ ಕೊಟ್ಟಿದೆ. ರಾತ್ರಿ ನಿದ್ದೆಯೇ ಇಲ್ಲದೆ, ವ್ಯಾಯಾಮಕ್ಕೂ ಮೈ ಒಗ್ಗದವರಿಗೆ ಇದು ಹೊಳೆ ದಾಟಲು ಒಂದು ಹರಿಗೋಲು. ಮಧುಮೇಹಿಗಳಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಹೇಳಿಡಿ.

ಆಪರೇಷನ್ ಬಗ್ಗೆ ನಮ್ಮ ಜನರಲ್ಲಿರುವ ಭಯ ಹಳೆಯ ಕಾಲದ್ದು. ಡಿಸ್ಕ್ ಹರಿದು ನರ ಒತ್ತುವುದನ್ನೂ ಶಸ್ತ್ರಚಿಕಿತ್ಸೆಯಿಂದ ಅದು ನೀಗುವುದನ್ನೂ ಮಿಕ್ಸ್ಟರ್ ಮತ್ತು ಬಾರ್ ಎಂಬ ಬಾಸ್ಟನ್ನಿನ ಇಬ್ಬರು ವೈದ್ಯರು 1934ರಲ್ಲಿ ಲೋಕಕ್ಕೆ ತಿಳಿಸಿದರು. ಅಂದು ದೊಡ್ಡ ಗಾಯ. 1970ರ ದಶಕದಿಂದ ಸೂಕ್ಷ್ಮದರ್ಶಕದ ಕೆಳಗೆ ಕೆಲವೇ ಸೆಂಟಿಮೀಟರ್ ಗಾಯದಲ್ಲಿ ಹೊರಬಂದ ತುಣುಕನ್ನಷ್ಟೇ ತೆಗೆಯುತ್ತಾರೆ, ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಕಾಲು ನೋವಿಗೆ ಇದರಷ್ಟು ಬೇಗ ಗುಣ ಕೊಡುವುದು ಬೇರೆ ಇಲ್ಲ. ಬರಿಯ ಸೊಂಟ ನೋವಿಗೆ ಅಷ್ಟು ಗುಣವಿಲ್ಲ.

ಆತುರ ಬೇಕೇ ಎಂಬುದಕ್ಕೆ ನೆದರ್ಲೆಂಡ್ಸ್‌ನ 2007ರ ಪ್ರಯೋಗ ಒಳ್ಳೆಯ ಉತ್ತರ ಕೊಡುತ್ತದೆ. ಆರರಿಂದ ಹನ್ನೆರಡು ವಾರ ಸಯಾಟಿಕಾ ಅನುಭವಿಸಿದ 283 ಮಂದಿಯಲ್ಲಿ ಅರ್ಧಕ್ಕೆ ಬೇಗ ಆಪರೇಷನ್, ಉಳಿದವರಿಗೆ ಕಾದು ನೋಡುವ ದಾರಿ. ಮೊದಲಿನವರ ನೋವು ಬೇಗ ಹೋಯಿತು. ಕಾದವರಲ್ಲಿ ಶೇ 39ರಷ್ಟು ಮಂದಿ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ವರ್ಷ ಕಳೆದಾಗ ಎರಡೂ ಕಡೆ ಶೇ 95ರಷ್ಟು ಜನ ಗುಣವಾಗಿದ್ದೇವೆ ಎಂದರು. ಅಂದರೆ ಆಪರೇಷನ್ನಿನಲ್ಲಿ ನೀವು ಕೊಳ್ಳುವುದು ಮುಖ್ಯವಾಗಿ ಸಮಯ. ದಿನಗೂಲಿಯವರಿಗೆ, ಲಾರಿ ಓಡಿಸುವವರಿಗೆ, ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಮಲಗಿಬಿಟ್ಟವರಿಗೆ ಆ ಸಮಯಕ್ಕೆ ನನ್ನಂಥ ಕುರ್ಚಿ ಕೆಲಸದವನಿಗಿಂತ ಬೆಲೆ ಹೆಚ್ಚು.

ಒಂದು ಸ್ಥಿತಿಯಲ್ಲಿ ಮಾತ್ರ ಈ ಹೋಲಿಕೆ ಯಾವುದೂ ಅನ್ವಯಿಸುವುದಿಲ್ಲ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಮಲದ ಹಿಡಿತ ಹೋದರೆ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಎರಡೂ ಕಾಲು ಸೋಲುತ್ತಿದ್ದರೆ ಅದೇ ದಿನ ನರಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆ ಸೇರಬೇಕು. ನಾಳೆ ನೋಡೋಣ ಎಂದರೆ ಆ ನರಗಳು ಮರಳಿ ಬಾರದೇ ಹೋಗಬಹುದು. ಹಿಮ್ಮಡಿಯ ಮೇಲೆ ನಡೆಯಲು ಪಾದ ಮೇಲೇಳದಿದ್ದರೆ, ತುದಿಗಾಲಲ್ಲಿ ನಿಲ್ಲಲು ಒಂದು ಕಾಲು ಸೋತರೆ, ಆ ವಾರವೇ ತಜ್ಞರನ್ನು ಕಾಣಿ.

ಮೇಜಿಗೆ ಹಣ ಕಟ್ಟುವ ಮೊದಲು

ನನ್ನ ತೀರ್ಮಾನದ ಕ್ರಮ ಹೀಗಿದೆ. ಮೇಲಿನ ಅಪಾಯದ ಗುರುತುಗಳಿಲ್ಲದಿದ್ದರೆ ಮೊದಲ ಆರು ವಾರ ಚಾಪೆ, ನಡಿಗೆ, ವೈದ್ಯರು ಕೊಟ್ಟ ನೋವಿನ ಮಾತ್ರೆ. ಹಣ ಖರ್ಚು ಮಾಡುವುದಾದರೆ ಮೈ ಮುಟ್ಟಿ, ಕಾಲು ಎತ್ತಿಸಿ, ಮಂಡಿಗೆ ಸುತ್ತಿಗೆ ತಟ್ಟಿ ಪರೀಕ್ಷಿಸುವ ಫಿಸಿಯೋಥೆರಪಿಸ್ಟ್‌ಗೆ ಖರ್ಚು ಮಾಡಿ. ಆಗಲೂ ಕಾಲಿನ ಸಿಡಿತ ಜಗ್ಗದಿದ್ದರೆ ಇಂಜೆಕ್ಷನ್ ಇಲ್ಲವೇ ಆಪರೇಷನ್ ಬಗ್ಗೆ ಶಸ್ತ್ರಚಿಕಿತ್ಸಕರ ಜೊತೆ ಮಾತು. ಡಿಕಂಪ್ರೆಷನ್ ಮೇಜು ಇವೆರಡರ ನಡುವೆ ಒಂದು ಐಚ್ಛಿಕ ವಿಷಯ. ಕೈಯಲ್ಲಿ ಹಣವಿದೆ, ವ್ಯಾಯಾಮವನ್ನು ಬಿಡುವುದಿಲ್ಲ, ಮೇಜಿನ ಮೇಲೆ ಹಿತವೆನಿಸುತ್ತದೆ ಎಂದರೆ ಸೇರಿಸಿಕೊಳ್ಳಿ. ಸಾಲ ಮಾಡಿ, ಇಎಂಐ ಕಟ್ಟಿ ಬೇಡ. ಒಂದು ಸಿಟ್ಟಿಂಗ್‌ಗೆ 1,500 ರೂಪಾಯಿ ಎಂದಿಟ್ಟುಕೊಂಡರೂ 24ಕ್ಕೆ 36,000 ಆಗುತ್ತದೆ. ಆಸ್ಪತ್ರೆಗೆ ದಾಖಲಾಗದ ಇಂಥ ಚಿಕಿತ್ಸೆಗೆ ಸಾಮಾನ್ಯ ಆರೋಗ್ಯ ವಿಮೆಯಿಂದ ಚಿಲ್ಲರೆಯೂ ಬರುವುದಿಲ್ಲ. ಅಮೆರಿಕದಲ್ಲೂ ಹಲವು ವಿಮಾ ಕಂಪನಿಗಳು ಇದನ್ನು ರುಜುವಾತಾಗದ ಚಿಕಿತ್ಸೆಯ ಪಟ್ಟಿಯಲ್ಲಿಟ್ಟಿವೆ.

ಕೆಲವರಿಗೆ ಮೇಜು ಐಚ್ಛಿಕವೂ ಅಲ್ಲ, ನಿಷಿದ್ಧ: ಮೂಳೆ ಸವೆತ ತೀವ್ರವಾಗಿರುವವರು, ಗರ್ಭಿಣಿಯರು, ಬೆನ್ನಿನಲ್ಲಿ ಸ್ಕ್ರೂ ಅಥವಾ ಪ್ಲೇಟ್ ಇರುವವರು, ಮೂಳೆ ಮುರಿತ, ಗೆಡ್ಡೆ, ಬೆನ್ನಿನ ಕ್ಷಯದಂಥ ಸೋಂಕು ಇರುವವರು, ಹೊಟ್ಟೆಯ ಮಹಾಧಮನಿ ಊದಿಕೊಂಡಿರುವವರು, ಮೂಳೆಯ ಮೇಲೆ ಮೂಳೆ ಮುಂದಕ್ಕೆ ಸರಿದು ಅಸ್ಥಿರವಾಗಿರುವವರು. ನನ್ನನ್ನು ಮೇಜಿಗೆ ಹತ್ತಿಸುವ ಮೊದಲು ಇದರಲ್ಲಿ ಒಂದನ್ನೂ ಕೇಳಲಿಲ್ಲ. ಕೇಳಿದ್ದು ತೂಕ ಎಷ್ಟು, ಕಾರ್ಡೋ ನಗದೋ ಎಂದು. ಸ್ವಾಗತದ ಮೇಜಿನಲ್ಲೇ ನೀವಾಗಿ ಕೇಳಬಹುದಾದ ಪ್ರಶ್ನೆಗಳಿವೆ. ಎಂಆರ್‌ಐ ಬಿಟ್ಟು ನನ್ನ ಕಾಲಿನ ಬಲ, ಸ್ಪರ್ಶ ಪರೀಕ್ಷಿಸುವವರು ಯಾರು? ಎಷ್ಟನೆಯ ಸಿಟ್ಟಿಂಗ್‌ನಲ್ಲಿ ಗುಣ ಕಾಣದಿದ್ದರೆ ನಿಲ್ಲಿಸುತ್ತೀರಿ? ಉಳಿದ ಹಣ ಮರಳಿಸುತ್ತೀರಾ, ಬರೆದುಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಬರುವ ಮುಖಭಾವದಿಂದಲೇ ಅರ್ಧ ಉತ್ತರ ಸಿಗುತ್ತದೆ.

ಒಪ್ಪಿದರೆ ಆರು ಸಿಟ್ಟಿಂಗ್‌ಗೆ ಮಾತ್ರ ಕಟ್ಟಿ. ಪ್ರತಿದಿನ ಬೆಳಿಗ್ಗೆ ನೋವು ಎಲ್ಲಿಯವರೆಗೆ ಇಳಿಯುತ್ತಿದೆ ಎಂದು ಕ್ಯಾಲೆಂಡರಿನ ಚೌಕದಲ್ಲಿ ಒಂದೇ ಪದ ಬರೆಯಿರಿ: ಬೆರಳು, ಮೀನಖಂಡ, ಮಂಡಿ, ತೊಡೆ, ಸೊಂಟ. ಆರನೆಯ ದಿನಕ್ಕೂ ಪದ ಬದಲಾಗದಿದ್ದರೆ ಏಳನೆಯದಕ್ಕೆ ಹೋಗಬೇಡಿ. ನನ್ನ ಕ್ಯಾಲೆಂಡರಿನಲ್ಲಿ ಮೇಜಿನ ಒಂಬತ್ತು ದಿನವೂ "ಬೆರಳು" ಎಂದೇ ಇದೆ. ಹತ್ತನೆಯ ದಿನದಿಂದ ನಾನು ಹೋಗಲಿಲ್ಲ, ಹಣವೂ ಮರಳಲಿಲ್ಲ. ಚಾಪೆ ಹಾಸಿದ ಐದನೆಯ ವಾರದಲ್ಲಿ "ಮೀನಖಂಡ" ಬಂತು, ಎಂಟನೆಯ ವಾರದಲ್ಲಿ "ತೊಡೆ". ಅದು ಚಾಪೆಯ ಗುಣವೋ ದಿನಗಳ ಗುಣವೋ ಎಂದು ಹೆಂಡತಿ ಕೇಳಿದಳು. ಚಾಪೆಗೆ ಕೊಟ್ಟದ್ದು 250 ರೂಪಾಯಿ, ಆ ವಾದಕ್ಕೆ ನಾನು ಹೋಗಲಿಲ್ಲ.